ಬ್ರೇಕ್ ಲೈಟ್ ವಾರ್ನಿಂಗ್ ಬಂತಾ? ಅಂಗಡಿಗೆ ಹೋಗುವ ಮೊದಲು ಮನೆಯಲ್ಲೇ ನೋಡಬೇಕಾದದ್ದು

ಕಾರಿನ ಮೀಟರ್‌ನಲ್ಲಿ ಬ್ರೇಕ್ ಲೈಟಿನ ವಾರ್ನಿಂಗ್ ಬಂದ ಕೂಡಲೇ ಎಷ್ಟೋ ಜನ ಸೀದಾ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಿ ಎರಡು ಬಲ್ಬ್ ತಂದು ಹಾಕುತ್ತಾರೆ. ವಾರ್ನಿಂಗ್ ಹೋಗುವುದಿಲ್ಲ. ಆಮೇಲೆ ಸ್ವಿಚ್ ಬದಲಿಸುತ್ತಾರೆ, ಆಗಲೂ ಹೋಗುವುದಿಲ್ಲ. ದುಡ್ಡೂ ಹೋಯಿತು, ಹೊತ್ತೂ ಹೋಯಿತು. ಅದರ ಬದಲು ಬ್ರೇಕ್ ಒತ್ತಿದಾಗ ಹಿಂದೆ ಯಾವ ಲೈಟ್ ಹತ್ತುತ್ತದೆ, ಯಾವುದು ಹತ್ತುವುದಿಲ್ಲ ಅಂತ ಮೊದಲು ಸರಿಯಾಗಿ ನೋಡಿ. ತೊಂದರೆ ಬಲ್ಬಿನಲ್ಲಿದೆಯೋ, ಫ್ಯೂಸಿನಲ್ಲೋ, ಸ್ವಿಚ್ಚಿನಲ್ಲೋ, ವೈರಿನಲ್ಲೋ ಎಂಬುದು ಬಹುಪಾಲು ಅಲ್ಲೇ ತಿಳಿಯುತ್ತದೆ.

ಈ ಕೆಲಸವನ್ನು ನಾಳೆಗೆ ಬಿಡಬೇಡಿ. ಕಲಬುರಗಿಯಿಂದ ಹುಮನಾಬಾದ್ ಕಡೆಗೋ ಜೇವರ್ಗಿ ಕಡೆಗೋ ಸಂಜೆ ಗಾಡಿ ಓಡಿಸಿದವರಿಗೆ ಗೊತ್ತು: ಮುಂದೆ ಹಿಂಬದಿ ದೀಪವೇ ಇಲ್ಲದ ಟ್ರ್ಯಾಕ್ಟರ್, ಹಿಂದೆ ಸಿಮೆಂಟ್ ತುಂಬಿದ ಲಾರಿ. ನೀವು ತಟ್ಟನೆ ಬ್ರೇಕ್ ಒತ್ತಿದ್ದು ಆ ಲಾರಿ ಡ್ರೈವರ್‌ಗೆ ಗೊತ್ತಾಗುವುದು ಕೆಂಪು ಲೈಟ್ ಹತ್ತಿದರೆ ಮಾತ್ರ.

ಮೊದಲು, ಬಂದದ್ದು ಯಾವ ವಾರ್ನಿಂಗ್?

ಬ್ರೇಕ್‌ಗೆ ಸಂಬಂಧಿಸಿದ ವಾರ್ನಿಂಗ್ ಎರಡು ಥರ ಇರುತ್ತವೆ. ಇವೆರಡನ್ನೂ ಒಂದೇ ಅಂದುಕೊಂಡರೆ ಅಪಾಯ.

ಮೊದಲನೆಯದು ಕೆಂಪು ಗುರುತು. ವೃತ್ತದೊಳಗೆ ಆಶ್ಚರ್ಯಸೂಚಕ ಚಿಹ್ನೆ, ಎರಡೂ ಬದಿಗೆ ಕಮಾನಿನಂಥ ಗೆರೆ. ಇದು ಹಿಂದಿನ ಲೈಟಿಗೆ ಸಂಬಂಧಿಸಿದ್ದಲ್ಲ, ಬ್ರೇಕಿಗೇ ಸಂಬಂಧಿಸಿದ್ದು. ಹ್ಯಾಂಡ್‌ಬ್ರೇಕ್ ಪೂರ್ತಿ ಕೆಳಗೆ ಇಳಿದಿದೆಯಾ ನೋಡಿ. ಲಿವರ್ ಒಂದು ಹಲ್ಲು ಮೇಲಿದ್ದರೂ ಗುರುತು ಉಳಿಯುತ್ತದೆ. ಅದು ಸರಿ ಇದ್ದರೆ ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಡಬ್ಬಿ ನೋಡಿ. ಮಟ್ಟ ಕೆಳಗಿನ ಗೆರೆಗಿಂತ ಇಳಿದಿದ್ದರೆ ಎರಡೇ ಕಾರಣ: ಒಂದೋ ಬ್ರೇಕ್ ಪ್ಯಾಡ್ ಸವೆದಿವೆ, ಇಲ್ಲವೇ ಎಲ್ಲೋ ಸೋರುತ್ತಿದೆ. ಪ್ಯಾಡ್ ಸವೆದಂತೆ ಆಯಿಲ್ ನಿಧಾನಕ್ಕೆ ಇಳಿಯುತ್ತದೆ. ಹಾಗಾಗಿ ಸುಮ್ನೆ ಆಯಿಲ್ ಸುರಿದು ಗುರುತು ಆರಿಸಿದರೆ ಕೆಲಸ ಮುಗಿಯಲಿಲ್ಲ, ಪ್ಯಾಡ್ ನೋಡಿಸಲೇಬೇಕು. ಹಾಕುವುದಾದರೆ ಮುಚ್ಚಳದ ಮೇಲೆ ಬರೆದಿರುವುದನ್ನೇ ಹಾಕಿ, ಸಾಮಾನ್ಯವಾಗಿ ಡಾಟ್ 3 ಅಥವಾ ಡಾಟ್ 4. ಅದು ಪೇಂಟ್ ಮೇಲೆ ಬಿದ್ದರೆ ಪೇಂಟ್ ಏಳುತ್ತದೆ, ತಕ್ಷಣ ನೀರು ಹಾಕಿ ತೊಳೆಯಿರಿ.

ಪೆಡಲ್ ಮೆತ್ತಗಾಗಿದೆ, ಕೆಳಗೆ ಇಳಿಯುತ್ತಲೇ ಹೋಗುತ್ತದೆ ಅನ್ನಿಸಿದರೆ ಗಾಡಿ ಅಲ್ಲೇ ನಿಲ್ಲಿಸಿ, ಮಿಸ್ತ್ರಿಯನ್ನು ಮನೆಗೇ ಕರೆಸಿ. ಕೆಂಪು ಗುರುತಿನ ಜೊತೆ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಗುರುತೂ ಹತ್ತಿದ್ದರೆ ಮುಂದಿನ ಹಿಂದಿನ ಚಕ್ರಗಳಿಗೆ ಬ್ರೇಕ್ ಹಂಚುವ ವ್ಯವಸ್ಥೆಯೂ ಕೈಕೊಟ್ಟಿರಬಹುದು. ಅದು ಮನೆಯಲ್ಲಿ ಮಾಡುವ ಕೆಲಸವಲ್ಲ.

ಎರಡನೆಯದು ಲೈಟಿನ ವಾರ್ನಿಂಗ್. ಹಳದಿ ಬಣ್ಣದ ಬಲ್ಬಿನ ಚಿತ್ರ, ಅಥವಾ ಬ್ರೇಕ್ ಲ್ಯಾಂಪ್ ಚೆಕ್ ಮಾಡಿ ಎಂಬ ಮಾತು ಪರದೆಯ ಮೇಲೆ ಬರುತ್ತದೆ. ಮುಂದೆ ಹೇಳುವುದೆಲ್ಲ ಇದರ ಬಗ್ಗೆಯೇ. ಎಷ್ಟೋ ಕಾರುಗಳಲ್ಲಿ ಈ ವಾರ್ನಿಂಗ್ ಇರುವುದೇ ಇಲ್ಲ. ಹಿಂದಿನಿಂದ ಬಂದ ಬೈಕ್‌ನವರು ಹೇಳಿದರೆ ಉಂಟು. ಅಂಥ ಗಾಡಿಗೂ ಇದೇ ಕ್ರಮ.

ಕೈಗೆ ಏನೇನು ಬೇಕು

ಸ್ಕ್ರೂಡ್ರೈವರ್, 8 ಮತ್ತು 10 ಎಂಎಂ ಸ್ಪ್ಯಾನರ್, ಸಣ್ಣ ಮರಳು ಕಾಗದ, ಒಣ ಬಟ್ಟೆ, ಟಾರ್ಚ್. ಕರೆಂಟ್ ಬರುತ್ತಿದೆಯಾ ಎಂದು ಅಳೆದು ನೋಡುವ ಒಂದು ಮಲ್ಟಿಮೀಟರ್ ಇದ್ದರೆ ಬಹಳ ಒಳ್ಳೆಯದು. ಕೆಲವು ನೂರು ರೂಪಾಯಿಗೆ ಸಿಗುವಂಥದ್ದೇ ಸಾಕು. ಇಲ್ಲದಿದ್ದರೆ ಎಲೆಕ್ಟ್ರಿಕ್ ಕೆಲಸದವರು ಬಳಸುವ 12 ವೋಲ್ಟ್ ಟೆಸ್ಟ್ ಲ್ಯಾಂಪ್‌ನಿಂದಲೂ ಬಹಳಷ್ಟು ನಡೆಯುತ್ತದೆ, ಆದರೆ ಅದನ್ನು ಕಂಪ್ಯೂಟರ್ ನಿಯಂತ್ರಣದ ವೈರ್‌ಗಳಿಗೆ ಮುಟ್ಟಿಸಬೇಡಿ. ಹೊಸ ಗಾಡಿಗಳಿಗೆ ಮಲ್ಟಿಮೀಟರೇ ಸರಿ. ಇದರ ಜೊತೆಗೆ ಗಾಡಿಯ ಜೊತೆ ಕೊಟ್ಟ ಓನರ್ಸ್ ಮ್ಯಾನುಯಲ್. ಯಾವ ಬಲ್ಬ್, ಯಾವ ಫ್ಯೂಸ್ ಎಲ್ಲಿ ಎಂಬುದು ಅದರಲ್ಲೇ ಇರುತ್ತದೆ.

ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ. ನಮ್ಮ ಬೇಸಿಗೆಯ ನಡುಮಧ್ಯಾಹ್ನ ಈ ಕೆಲಸಕ್ಕೆ ಕೂರಬೇಡಿ. ಬಿಸಿಲಿಗೆ ಕಾದ ತಗಡು ಕೈ ಸುಡುತ್ತದೆ, ಲೈಟ್ ಹತ್ತಿದೆಯೋ ಇಲ್ಲವೋ ಕಾಣುವುದೂ ಇಲ್ಲ. ಹೊತ್ತು ಇಳಿದ ಮೇಲೆ ಎಲ್ಲ ಸ್ಪಷ್ಟ.

ಎಷ್ಟು ಲೈಟ್ ಹತ್ತುತ್ತವೆ?

ಕೀ ಆನ್ ಮಾಡಿ. ಎಷ್ಟೋ ಕಾರುಗಳಲ್ಲಿ ಕೀ ಇಲ್ಲದೆಯೂ ಬ್ರೇಕ್ ಲೈಟ್ ಹತ್ತುತ್ತದೆ, ಕೆಲವಲ್ಲಿ ಹತ್ತುವುದಿಲ್ಲ. ಆನ್ ಇದ್ದರೆ ಗೊಂದಲವಿಲ್ಲ. ಮನೆಯವರನ್ನೋ ಪಕ್ಕದ ಮನೆ ಹುಡುಗನನ್ನೋ ಕರೆದು ಹಿಂದೆ ನಿಲ್ಲಿಸಿ, ನೀವು ಪೆಡಲ್ ಒತ್ತಿ.

"ಕಾಕಾ, ಬಲಗಡಿದು ಹತ್ತಲತ್ತದ. ಎಡಗಡಿದು ಹತ್ತವಲ್ದು ನೋಡ್ರಿ."

"ಮ್ಯಾಲಿಂದು ಹ್ಯಾಂಗದ ತಮ್ಮಾ, ಗ್ಲಾಸಿನಾಗಿಂದು?"

"ಅದು ಬರೋಬ್ಬರಿ ಅದ."

ಈ ಎರಡನೇ ಪ್ರಶ್ನೆಯನ್ನು ಕೇಳುವುದು ಮರೆಯಬೇಡಿ. ಎಡ, ಬಲ, ಹಿಂದಿನ ಗಾಜಿನ ಮೇಲಿನದು, ಹೀಗೆ ಮೂರನ್ನೂ ನೋಡಬೇಕು. ಯಾರೂ ಇಲ್ಲದಿದ್ದರೆ ಸಂಜೆ ಹೊತ್ತು ಗಾಡಿಯ ಹಿಂಬದಿಯನ್ನು ಗೋಡೆಗೆ ಹತ್ತಿರ ನಿಲ್ಲಿಸಿ, ಕೆಂಪು ಬೆಳಕು ಬೀಳುವುದನ್ನು ಕನ್ನಡಿಯಲ್ಲಿ ನೋಡಿ. ಮೊಬೈಲನ್ನು ಹಿಂದೆ ನಿಲ್ಲಿಸಿ ವಿಡಿಯೋ ಮಾಡಿದರೂ ಆಯಿತು.

ಒಂದೇ ಬದಿಯದು ಹತ್ತದಿದ್ದರೆ ಬಲ್ಬ್, ಹೋಲ್ಡರ್ ಅಥವಾ ಆ ಬದಿಯ ಅರ್ಥಿಂಗ್, ಅಂದರೆ ಕರೆಂಟ್ ಬಾಡಿಯ ಮೂಲಕ ವಾಪಸ್ ಹೋಗುವ ದಾರಿ. ಮೂರೂ ಹತ್ತದಿದ್ದರೆ ಫ್ಯೂಸ್ ಅಥವಾ ಪೆಡಲ್ ಸ್ವಿಚ್. ಮೂರು ಬಲ್ಬ್ ಒಟ್ಟಿಗೆ ಹೋಗುವುದು ಬಹಳ ಅಪರೂಪ. ಮೇಲಿನದು ಹತ್ತಿ ಕೆಳಗಿನ ಎರಡೂ ಹತ್ತದಿದ್ದರೆ ಸಾಮಾನ್ಯವಾಗಿ ಸ್ವಿಚ್ ಸರಿ ಇದೆ ಎಂದರ್ಥ. ಒಂದು ಬಲ್ಬ್ ಯಾವಾಗಲೋ ಹೋಗಿ ಯಾರೂ ಗಮನಿಸದೆ, ಈಗ ಎರಡನೆಯದೂ ಹೋಗಿರಬಹುದು. ಪೆಡಲ್ ಬಿಟ್ಟರೂ ಮೂರೂ ಹತ್ತೇ ಇದ್ದರೆ ಪೆಡಲ್ ಬಳಿ ನೋಡಬೇಕು. ಎಲ್ಲ ಸರಿಯಾಗಿ ಹತ್ತಿ ಆರಿದರೂ ವಾರ್ನಿಂಗ್ ಹೋಗದಿದ್ದರೆ ಅದರ ಕಥೆಯೇ ಬೇರೆ, ಕೊನೆಗೆ ಬರುತ್ತೇನೆ.

ಒಂದು ಬದಿ ಹತ್ತದಿದ್ದರೆ

ಕೀ ಆಫ್ ಮಾಡಿ. ಡಿಕ್ಕಿ ತೆಗೆದರೆ ಲೈಟಿನ ಹಿಂಬದಿಗೆ ಒಂದು ಪ್ಲಾಸ್ಟಿಕ್ ಮುಚ್ಚಳ, ಅಥವಾ ಲೈಟನ್ನು ಹಿಡಿದಿರುವ ಎರಡು ಸ್ಕ್ರೂ ಕಾಣುತ್ತವೆ. ಸ್ಕ್ರೂ ತೆಗೆದ ಮೇಲೆ ಲೈಟನ್ನು ನೇರ ಹಿಂದಕ್ಕೆ ಎಳೆಯಿರಿ. ಬದಿಗೆ ತಿರುಚಿದರೆ ಒಳಗಿನ ಪ್ಲಾಸ್ಟಿಕ್ ಗೂಟ ಮುರಿಯುತ್ತದೆ. ಹೋಲ್ಡರನ್ನು ಎಡಕ್ಕೆ ತಿರುಗಿಸಿದರೆ ಬಲ್ಬ್ ಸಮೇತ ಹೊರಗೆ ಬರುತ್ತದೆ.

ಬಹಳ ಕಾರುಗಳಲ್ಲಿ ಇರುವುದು ಪಿ21/5ಡಬ್ಲ್ಯೂ ಎಂಬ ಬಲ್ಬ್. ಒಂದೇ ಗಾಜಿನೊಳಗೆ ಎರಡು ತಂತಿ: 5 ವ್ಯಾಟಿನದು ರಾತ್ರಿಯ ಹಿಂಬದಿ ದೀಪಕ್ಕೆ, 21 ವ್ಯಾಟಿನದು ಬ್ರೇಕಿಗೆ. ಹಾಗಾಗಿ ರಾತ್ರಿ ದೀಪ ಹತ್ತುತ್ತದಲ್ಲಾ, ಬಲ್ಬ್ ಸರಿ ಇರಬೇಕು ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಒಂದು ತಂತಿ ತುಂಡಾಗಿ ಇನ್ನೊಂದು ಚೆನ್ನಾಗಿಯೇ ಇರುತ್ತದೆ. ಬಲ್ಬನ್ನು ಬೆಳಕಿಗೆ ಹಿಡಿದು ಎರಡೂ ತಂತಿ ನೋಡಿ. ಗಾಜು ಕಪ್ಪಾಗಿದ್ದರೆ ಅನುಮಾನವೇ ಬೇಡ. ಕಣ್ಣಿಗೆ ಗೊತ್ತಾಗದಿದ್ದರೆ ಮಲ್ಟಿಮೀಟರನ್ನು ಬೀಪ್ ಸದ್ದಿಗೆ ಇಟ್ಟು, ಒಂದು ಕಡ್ಡಿಯನ್ನು ಬಲ್ಬಿನ ಲೋಹದ ಮೈಗೆ, ಇನ್ನೊಂದನ್ನು ತಳದ ಚುಕ್ಕೆಗಳಿಗೆ ಒಂದೊಂದಾಗಿ ಮುಟ್ಟಿಸಿ. ಎರಡಕ್ಕೂ ಬೀಪ್ ಬರಬೇಕು.

ಹೊಸ ಬಲ್ಬ್ ತರುವಾಗ ಹಳೆಯದನ್ನು ಜೊತೆಗೇ ಒಯ್ಯಿರಿ. ಒಂಟಿ ತಂತಿಯ ಪಿ21ಡಬ್ಲ್ಯೂ ಕೂಡ ನೋಡಲು ಹೀಗೇ ಇರುತ್ತದೆ. ಎರಡು ತಂತಿಯದರಲ್ಲಿ ಬದಿಯ ಮೊಳೆಗಳು ಒಂದು ಮೇಲೆ, ಒಂದು ಕೆಳಗೆ. ಅದು ಒಂದೇ ರೀತಿಯಲ್ಲಿ ಕೂರುತ್ತದೆ. ಕೂರಲಿಲ್ಲ ಅಂದರೆ ತಿರುಗಿಸಿ ಹಾಕಿ, ಬಲ ಹಾಕಿ ಒತ್ತಬೇಡಿ. ಉಲ್ಟಾ ಕೂತರೆ ರಾತ್ರಿ ದೀಪವೇ 21 ವ್ಯಾಟಿನಲ್ಲಿ ಉರಿದು, ಬ್ರೇಕ್ ಒತ್ತಿದಾಗ ಮಂಕು ಬೆಳಕು ಬರುತ್ತದೆ. ಸದಾ ಉರಿಯುವ ಆ ಶಾಖಕ್ಕೆ ಹೋಲ್ಡರ್ ಕರಗಿದ್ದೂ ಉಂಟು.

ಬಲ್ಬ್ ಸರಿ ಇದ್ದೂ ಹತ್ತದಿದ್ದರೆ ಹೋಲ್ಡರ್ ಒಳಗೆ ಟಾರ್ಚ್ ಬಿಡಿ. ನಮ್ಮ ಭಾಗದ ಗಾಡಿಗಳಲ್ಲಿ ಇಲ್ಲೇ ಬಹಳ ತೊಂದರೆ. ಸೇಡಂ, ಶಹಾಬಾದ್, ವಾಡಿ ಕಡೆ ಓಡಾಡುವ ಗಾಡಿಗಳ ಹಿಂಬದಿಯ ಸಂದಿಗಳಲ್ಲಿ ಕಲ್ಲಿನ ಪುಡಿ, ಸಿಮೆಂಟ್ ಧೂಳು ಕೂತಿರುತ್ತದೆ. ಮಳೆಗಾಲದ ತೇವ ತಾಗಿದ ಮೇಲೆ ಅದು ಹೆಪ್ಪುಗಟ್ಟುತ್ತದೆ. ಹೋಲ್ಡರ್ ತಳದ ಹಿತ್ತಾಳೆ ಪಟ್ಟಿಗಳ ಮೇಲೆ ಹಸಿರು ಅಥವಾ ಬಿಳಿ ಪದರ ಕಂಡರೆ ಮರಳು ಕಾಗದದ ಸಣ್ಣ ಚೂರನ್ನು ಸ್ಕ್ರೂಡ್ರೈವರ್ ತುದಿಗೆ ಸುತ್ತಿ ಮೆಲ್ಲಗೆ ಉಜ್ಜಿ. ಪಟ್ಟಿ ತಗ್ಗಿದ್ದರೆ ತುಸು ಮೇಲೆತ್ತಿ, ಬಲ್ಬಿಗೆ ಸರಿಯಾಗಿ ತಾಗಲಿ. ಹೋಲ್ಡರ್ ಕಂದಾಗಿ ಸುಟ್ಟ ವಾಸನೆ ಬಂದರೆ ಉಜ್ಜುತ್ತ ಕೂರಬೇಡಿ, ಹೊಸ ಹೋಲ್ಡರ್ ಹಾಕಿಸಿ.

ಇನ್ನು ಅರ್ಥಿಂಗ್. ಇದನ್ನು ಗುರುತಿಸುವುದು ಸುಲಭ. ಬ್ರೇಕ್ ಒತ್ತಿದರೆ ಅದೇ ಬದಿಯ ಇಂಡಿಕೇಟರ್ ಮಂಕಾಗಿ ಹತ್ತುತ್ತದೆ, ಅಥವಾ ಇಂಡಿಕೇಟರ್ ಹಾಕಿದರೆ ಬ್ರೇಕ್ ಲೈಟೂ ಜೊತೆಗೆ ಮಿನುಗುತ್ತದೆ. ಕರೆಂಟ್ ವಾಪಸ್ ಹೋಗಲು ತನ್ನ ದಾರಿ ಸಿಗದೆ ಪಕ್ಕದ ಬಲ್ಬಿನ ಮೂಲಕ ಹೋಗುತ್ತಿದೆ ಎಂದರ್ಥ. ಲೈಟಿನ ವೈರ್ ಗೊಂಚಲಿನಿಂದ ಬಾಡಿಗೆ ಬೋಲ್ಟ್ ಹಾಕಿ ಕಟ್ಟಿದ ವೈರ್ ಹುಡುಕಿ. ಬಹಳ ಗಾಡಿಗಳಲ್ಲಿ ಅದು ಕಪ್ಪು ಬಣ್ಣದ್ದು. ಬೋಲ್ಟ್ ಬಿಚ್ಚಿ, ತಗಡು ಹೊಳೆಯುವ ತನಕ ಉಜ್ಜಿ, ಮತ್ತೆ ಬಿಗಿ ಮಾಡಿ. ಖಾತ್ರಿಗೆ ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ಕೀ ಆನ್ ಮಾಡಿ ಬ್ರೇಕ್ ಒತ್ತಿಸಿ, ಒಂದು ಕಡ್ಡಿ ಹೋಲ್ಡರಿನ ಅರ್ಥಿಂಗ್ ಭಾಗಕ್ಕೆ, ಇನ್ನೊಂದು ಡಿಕ್ಕಿಯೊಳಗಿನ ಪೇಂಟ್ ಇಲ್ಲದ ಬೇರೊಂದು ಬೋಲ್ಟಿಗೆ ಮುಟ್ಟಿಸಿ. ಹೆಚ್ಚು ಕಡಿಮೆ ಸೊನ್ನೆ ತೋರಿಸಬೇಕು. ಅರ್ಧ ವೋಲ್ಟ್, ಅದಕ್ಕಿಂತ ಜಾಸ್ತಿ ತೋರಿಸಿದರೆ ಅರ್ಥಿಂಗ್ ಇನ್ನೂ ಸರಿಯಾಗಿಲ್ಲ.

ಪೂರ್ತಿ ಎಲ್‌ಇಡಿ ಲೈಟ್ ಇರುವ ಹೊಸ ಗಾಡಿಗಳಲ್ಲಿ ಬಲ್ಬ್ ಎಂಬುದೇ ಇಲ್ಲ. ಕನೆಕ್ಟರ್ ತೆಗೆದು ಸ್ವಚ್ಛ ಮಾಡಿ ಮತ್ತೆ ಕೂರಿಸಿ ನೋಡಿ. ಅದರಿಂದ ಸರಿ ಹೋಗದಿದ್ದರೆ ಲೈಟನ್ನೇ ಬದಲಿಸಬೇಕಾಗುತ್ತದೆ. ಗಾಡಿ ವಾರಂಟಿಯಲ್ಲಿದ್ದರೆ ನೀವು ಬಿಚ್ಚಲೇಬೇಡಿ.

ಮೂರೂ ಹತ್ತದಿದ್ದರೆ

ಫ್ಯೂಸಿನಿಂದ ಶುರು ಮಾಡಿ. ಒಂದು ಫ್ಯೂಸ್ ಪೆಟ್ಟಿಗೆ ಸ್ಟೀರಿಂಗ್ ಕೆಳಗೆ, ಇನ್ನೊಂದು ಬಾನೆಟ್ ಒಳಗೆ ಇರುತ್ತದೆ. ಮುಚ್ಚಳದ ಹಿಂದಿನ ಚಿತ್ರದಲ್ಲಿ ಸ್ಟಾಪ್ ಅಥವಾ ಬ್ರೇಕ್ ಲ್ಯಾಂಪ್ ಎಂದಿರುವುದನ್ನು ಹುಡುಕಿ. ಕೀ ಆಫ್ ಮಾಡಿ ಫ್ಯೂಸ್ ಎಳೆದು, ನಡುವಿನ ತಂತಿ ತುಂಡಾಗಿದೆಯಾ ನೋಡಿ. ಕೆಂಪು ಬಣ್ಣದ್ದು 10 ಆಂಪ್, ನೀಲಿ 15, ಹಳದಿ 20. ಯಾವುದು ಇತ್ತೋ ಅದನ್ನೇ ಹಾಕಬೇಕು. ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತುವುದು, 10ರ ಜಾಗಕ್ಕೆ 20 ಹಾಕುವುದು ಖಂಡಿತ ಬೇಡ. ಆಗ ಫ್ಯೂಸ್ ಬದಲು ವೈರ್ ಸುಡುತ್ತದೆ, ಗಾಡಿಗೇ ಬೆಂಕಿ ಹತ್ತಬಹುದು.

ಹೊಸ ಫ್ಯೂಸ್ ಹಾಕಿ ಬ್ರೇಕ್ ಒತ್ತಿದ ಕೂಡಲೇ ಅದೂ ಹೋದರೆ ಎಲ್ಲೋ ಶಾರ್ಟ್ ಆಗಿದೆ. ಡಿಕ್ಕಿ ಬಾಗಿಲು ತೆಗೆದು ಮುಚ್ಚುವಾಗ ಮಡಚುವ ರಬ್ಬರ್ ಕೊಳವೆಯೊಳಗೆ ವೈರ್ ಸವೆದಿರಬಹುದು. ಆಮೇಲೆ ಹಾಕಿಸಿದ ರಿವರ್ಸ್ ಕ್ಯಾಮೆರಾ, ಮಿನುಗುವ ಎಕ್ಸ್‌ಟ್ರಾ ಲೈಟ್ ಇದ್ದರೆ ಅದನ್ನೂ ನೋಡಿ. ಇಲಿಯನ್ನೂ ಮರೆಯಬೇಡಿ. ದಾಲ್ ಮಿಲ್, ಗೋದಾಮು ಇರುವ ಕಡೆ ನಿಲ್ಲಿಸುವ ಗಾಡಿಗಳಲ್ಲಿ ಡಿಕ್ಕಿ ಕಾರ್ಪೆಟ್ ಎತ್ತಿದರೆ ಹಿಕ್ಕೆ, ಕಡಿದ ವೈರಿನ ಚೂರು ಸಿಗುವುದು ಹೊಸದಲ್ಲ.

ಫ್ಯೂಸ್ ಸರಿ ಇದ್ದರೆ ಪೆಡಲ್ ಸ್ವಿಚ್. ಟಾರ್ಚ್ ಹಿಡಿದು ಬ್ರೇಕ್ ಪೆಡಲಿನ ತೋಳನ್ನು ಮೇಲಕ್ಕೆ ನೋಡುತ್ತ ಹೋಗಿ, ಅದರ ಮೇಲ್ಭಾಗಕ್ಕೆ ತಾಗುವ ಸಣ್ಣ ಪ್ಲಾಸ್ಟಿಕ್ ಸ್ವಿಚ್ ಕಾಣುತ್ತದೆ. ಅಲ್ಲಿ ಹಳದಿ ಬಣ್ಣದ ಕನೆಕ್ಟರ್ ಕಂಡರೆ ಮುಟ್ಟಬೇಡಿ, ಅದು ಏರ್‌ಬ್ಯಾಗ್‌ನದು. ಸ್ವಿಚ್ ಕೈಕೊಟ್ಟಿದ್ದಕ್ಕೆ ಬೇರೆ ಕುರುಹೂ ಇರುತ್ತದೆ: ಪುಶ್ ಬಟನ್ ಗಾಡಿ ಬ್ರೇಕ್ ಒತ್ತಿದರೂ ಸ್ಟಾರ್ಟ್ ಆಗುವುದಿಲ್ಲ, ಆಟೋಮ್ಯಾಟಿಕ್ ಗಾಡಿಯ ಗೇರ್ ಪಾರ್ಕಿಂಗ್‌ನಿಂದ ಹೊರಗೆ ಬರುವುದಿಲ್ಲ, ಕ್ರೂಸ್ ಕಂಟ್ರೋಲ್ ಹಿಡಿಯುವುದಿಲ್ಲ.

ಎರಡು ವೈರಿನ ಸ್ವಿಚ್ ಆದರೆ ಪರೀಕ್ಷೆ ಸುಲಭ. ಕೀ ಆನ್ ಮಾಡಿ, ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಪೇಂಟ್ ಇಲ್ಲದ ಬೋಲ್ಟಿಗೆ ಹಿಡಿದು ಇನ್ನೊಂದರಿಂದ ನೋಡಿದರೆ, ಒಂದು ವೈರಿನಲ್ಲಿ 12 ವೋಲ್ಟ್ ಇರಬೇಕು. ಪೆಡಲ್ ಒತ್ತಿದಾಗ ಇನ್ನೊಂದರಲ್ಲೂ ಬರಬೇಕು. ಮೊದಲನೆಯದರಲ್ಲೇ ಇಲ್ಲದಿದ್ದರೆ ಫ್ಯೂಸಿನಿಂದ ಸ್ವಿಚ್‌ತನಕ ವೈರ್ ತುಂಡಾಗಿದೆ. ಒತ್ತಿದರೂ ಎರಡನೆಯದರಲ್ಲಿ ಬರದಿದ್ದರೆ ಸ್ವಿಚ್ ಹೋಗಿದೆ. ಎರಡರಲ್ಲೂ ಬಂದರೆ ಸ್ವಿಚ್ ಸರಿ ಇದೆ, ಮುಂದಿನ ವೈರ್ ನೋಡಬೇಕು. ನಾಲ್ಕು ವೈರ್ ಇದ್ದರೆ ಒಳಗೆ ಎರಡು ಸ್ವಿಚ್ ಇರುತ್ತವೆ, ಒಂದು ಹತ್ತಿದಾಗ ಇನ್ನೊಂದು ಆರುತ್ತದೆ. ಇಂಥ ಗಾಡಿಯಲ್ಲಿ ವೈರ್ ವೈರ್ ಜೋಡಿಸಿ ನೋಡುವ ಪ್ರಯೋಗ ಮಾಡಬೇಡಿ.

ಪೆಡಲ್ ಬಿಟ್ಟರೂ ಆರದಿದ್ದರೆ

ಸ್ವಿಚ್ ಬದಲಿಸುವ ಮೊದಲು ಡ್ರೈವರ್ ಕಾಲಿನ ಕೆಳಗಿನ ಮ್ಯಾಟ್ ಎತ್ತಿ ನೋಡಿ. ಬೆಲ್ಲದ ಪುಡಿಯ ಹಾಗೆ ಉದುರಿದ ಪ್ಲಾಸ್ಟಿಕ್ ಚೂರುಗಳು ಸಿಕ್ಕರೆ ಕಾರಣ ಸಿಕ್ಕಿತು. ಪೆಡಲ್ ತೋಳಿನಲ್ಲಿ ಒಂದು ತೂತು ಇರುತ್ತದೆ. ಅದಕ್ಕೆ ಹೆಬ್ಬೆರಳ ಉಗುರಿನಷ್ಟು ಅಗಲದ ರಬ್ಬರ್ ಅಥವಾ ಪ್ಲಾಸ್ಟಿಕ್ ಗುಂಡಿ ಹಾಕಿರುತ್ತಾರೆ. ಪೆಡಲ್ ಬಿಟ್ಟಾಗ ಸ್ವಿಚ್ಚಿನ ಮೊಳೆಯನ್ನು ಒಳಕ್ಕೆ ತಳ್ಳುವುದು ಆ ಗುಂಡಿಯೇ. ವರ್ಷಗಟ್ಟಲೆ ಬಿಸಿಲಲ್ಲಿ ನಿಂತ ಗಾಡಿಯೊಳಗೆ ಅದು ಗಟ್ಟಿಯಾಗಿ, ಸೀಳಿ, ಒಂದು ದಿನ ಉದುರುತ್ತದೆ. ಆಗ ಮೊಳೆ ತೂತಿನ ಮೂಲಕ ಹೊರಗೆ ಚಾಚುತ್ತದೆ. ಗಾಡಿ ಪಾಲಿಗೆ ಬ್ರೇಕ್ ಒತ್ತಿದಂತೆಯೇ ಲೆಕ್ಕ. ರಾತ್ರಿಯಿಡೀ ಲೈಟ್ ಹತ್ತಿ ಬೆಳಿಗ್ಗೆ ಬ್ಯಾಟರಿ ಖಾಲಿ. ಹಿಂದಿನವರಿಗಂತೂ ನೀವು ಯಾವಾಗ ಬ್ರೇಕ್ ಒತ್ತಿದಿರಿ ಅಂತ ಗೊತ್ತೇ ಆಗುವುದಿಲ್ಲ.

ಆ ಗುಂಡಿ ಬಹಳ ಅಗ್ಗದ ಸಾಮಾನು. ನಿಮ್ಮ ಮಾಡೆಲ್ ಹೇಳಿ ತನ್ನಿ. ಪೆಡಲನ್ನು ಕೈಯಿಂದ ತುಸು ಒತ್ತಿ ಹಿಡಿದು, ಗುಂಡಿಯ ಬಾಲಕ್ಕೆ ಸೋಪಿನ ನೀರು ಸವರಿ, ತೂತಿಗೆ ಒತ್ತಿ ಕೂರಿಸಿ. ಗುಂಡಿ ಸಿಗುವ ತನಕ ಗಾಡಿ ನಿಲ್ಲಿಸಿಡುವುದಾದರೆ ಬ್ರೇಕ್ ಲೈಟ್ ಫ್ಯೂಸ್ ತೆಗೆದಿಡಿ, ಬ್ಯಾಟರಿ ಉಳಿಯುತ್ತದೆ. ಓಡಿಸುವ ಮೊದಲು ವಾಪಸ್ ಹಾಕಬೇಕು.

ಗುಂಡಿ ಸರಿ ಇದ್ದರೆ ಸ್ವಿಚ್ ಜರುಗಿರಬಹುದು. ಕೆಲವದರಲ್ಲಿ ನಟ್ ಸಡಿಲಿಸಿ ಹಿಂದೆ ಮುಂದೆ ಮಾಡಬಹುದು. ಇಲ್ಲಿ ಒಂದು ಎಚ್ಚರ ಬೇಕು. ಸ್ವಿಚ್ಚನ್ನು ಪೆಡಲಿಗೆ ತೀರಾ ಒತ್ತಿ ಕೂರಿಸಿದರೆ ಪೆಡಲ್ ಪೂರ್ತಿ ಮೇಲೆ ಬರುವುದಿಲ್ಲ, ಬ್ರೇಕ್ ಹಿಡಿದುಕೊಂಡೇ ಓಡುತ್ತದೆ, ಚಕ್ರ ಕಾಯುತ್ತದೆ. ಕೆಲಸ ಆದ ಮೇಲೆ ಪೆಡಲಿಗೆ ಮೊದಲಿನಷ್ಟೇ ಸಡಿಲ ಇದೆಯಾ ಕೈಯಿಂದ ನೋಡಿ.

ಎಲ್ಲ ಹತ್ತುತ್ತವೆ, ವಾರ್ನಿಂಗ್ ಮಾತ್ರ ಹೋಗುತ್ತಿಲ್ಲ

ಇತ್ತೀಚೆಗೆ ಎಲ್‌ಇಡಿ ಬಲ್ಬ್ ಹಾಕಿಸಿದ್ದೀರಾ? ಹಾಗಾದರೆ ಅದೇ ಕಾರಣ ಇರಬೇಕು. ಗಾಡಿಯ ಕಂಪ್ಯೂಟರ್ ಬಲ್ಬಿಗೆ ಎಷ್ಟು ಕರೆಂಟ್ ಹೋಗುತ್ತಿದೆ ಎಂದು ಅಳೆಯುತ್ತದೆ. 21 ವ್ಯಾಟಿನ ಬಲ್ಬ್ 12 ವೋಲ್ಟಿಗೆ ಸುಮಾರು 1.75 ಆಂಪ್ ಎಳೆಯುತ್ತದೆ. ಎಲ್‌ಇಡಿ ಅದರ ಸಣ್ಣ ಪಾಲನ್ನಷ್ಟೇ ಎಳೆಯುವುದರಿಂದ ಬಲ್ಬ್ ಹೋಗಿದೆ ಅಂತ ಅದು ತಿಳಿದುಕೊಳ್ಳುತ್ತದೆ. ಜಾಸ್ತಿ ಕರೆಂಟ್ ಎಳೆಯುವ ರೆಸಿಸ್ಟರ್ ಎಂಬ ಸಾಮಾನು ಜೊತೆಗೆ ಹಾಕಿ ವಾರ್ನಿಂಗ್ ಸುಮ್ಮನಾಗಿಸುವವರಿದ್ದಾರೆ, ಆದರೆ ಅದು ವಿಪರೀತ ಕಾಯುತ್ತದೆ, ಪ್ಲಾಸ್ಟಿಕ್ ಪಕ್ಕದಲ್ಲಿ ಇಡುವಂಥದ್ದಲ್ಲ. ಕಂಪನಿಯವರು ಹೇಳಿದ ಬಲ್ಬನ್ನೇ ವಾಪಸ್ ಹಾಕುವುದು ಒಳ್ಳೆಯದು. ನೂರು ರೂಪಾಯಿಯೊಳಗೆ ಸಿಗುವ ಬಲ್ಬಿಗೆ ಇಷ್ಟೆಲ್ಲ ಯಾಕೆ?

ಎಲ್‌ಇಡಿ ಹಾಕಿಲ್ಲ ಅಂದರೆ ಬಲ್ಬಿನ ವ್ಯಾಟ್ ಬೇರೆಯಾಗಿದೆಯಾ, ಹೋಲ್ಡರಿನಲ್ಲಿ ತುಕ್ಕು ಇದೆಯಾ ಮತ್ತೆ ನೋಡಿ. ನಾಲ್ಕು ವೈರಿನ ಸ್ವಿಚ್ಚಿನ ಒಂದು ಭಾಗ ಮಾತ್ರ ಕೆಟ್ಟರೂ ಹೀಗಾಗುತ್ತದೆ: ಲೈಟ್ ಹತ್ತುತ್ತದೆ, ಕಂಪ್ಯೂಟರ್‌ಗೆ ಮಾತ್ರ ಎರಡು ಭಾಗದ ಸುದ್ದಿ ತಾಳೆಯಾಗುವುದಿಲ್ಲ. ಗಾಡಿಯ ಕಂಪ್ಯೂಟರ್ ಬರೆದಿಟ್ಟ ತೊಂದರೆ ಕೋಡ್ ಓದುವ ಓಬಿಡಿ ಸ್ಕ್ಯಾನರ್ ಹಾಕಿದರೆ ಪಿ0504 ಅಥವಾ ಪಿ0571 ಎಂಬ ಕೋಡ್ ಬರಬಹುದು. ಮೊದಲನೆಯದು ಎರಡು ಭಾಗ ತಾಳೆಯಾಗದ್ದಕ್ಕೆ, ಎರಡನೆಯದು ಸ್ವಿಚ್ಚಿನ ಸರ್ಕ್ಯೂಟ್ ತೊಂದರೆಗೆ.

ಕೆಲಸ ಮುಗಿದ ಮೇಲೆ ಕೀ ಆಫ್ ಮಾಡಿ ಮತ್ತೆ ಆನ್ ಮಾಡಿ. ಬ್ರೇಕನ್ನು ಕೆಲವು ಸಲ ಪೂರ್ತಿ ಒತ್ತಿ ಬಿಡಿ. ಬಹಳ ಗಾಡಿಗಳಲ್ಲಿ ವಾರ್ನಿಂಗ್ ತಾನಾಗಿಯೇ ಹೋಗುತ್ತದೆ. ಹೋಗದಿದ್ದರೆ ಸ್ಕ್ಯಾನರ್‌ನಿಂದ ಅಳಿಸಬೇಕು. ಆಮೇಲೆ ರಾತ್ರಿ ದೀಪ ಹಾಕಿ, ಅದರ ಮೇಲೆ ಬ್ರೇಕ್, ಅದರ ಮೇಲೆ ಎಡ ಬಲ ಇಂಡಿಕೇಟರ್, ರಿವರ್ಸ್, ಹೀಗೆ ಎಲ್ಲವನ್ನೂ ಒಟ್ಟಿಗೆ ಪರೀಕ್ಷಿಸಿ. ಅರ್ಥಿಂಗ್ ತೊಂದರೆ ಉಳಿದಿದ್ದರೆ ಆಗಲೇ ಹೊರಗೆ ಬರುವುದು.

ಇಷ್ಟಾದರೂ ಸಿಗದಿದ್ದರೆ, ಅಥವಾ ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ, ಆಟೋ ಎಲೆಕ್ಟ್ರಿಷಿಯನ್ ಬಳಿ ಹೋಗಿ. ಸುಮ್ನೆ "ಬ್ರೇಕ್ ಲೈಟ್ ಹತ್ತವಲ್ದು" ಅಂತ ಹೇಳಿ ಗಾಡಿ ಬಿಟ್ಟು ಬರಬೇಡಿ. "ಫ್ಯೂಸ್ ಸರಿ ಅದ, ಸ್ವಿಚ್ಚಿನ ಎರಡೂ ವೈರಿಗೆ 12 ವೋಲ್ಟ್ ಬರ್ತದ, ಡಿಕ್ಕಿತನಕ ಹೋಗವಲ್ದು, ಬಾಗಿಲ ಹೊಸ್ತಿಲ ಬದಿ ವೈರ್ ನೋಡ್ರಿ" ಅಂತ ಹೇಳಿ. ಹುಡುಕಾಟಕ್ಕೆ ಅವರಿಗೆ ಬೇಕಾಗುವ ಹೊತ್ತಿನಲ್ಲಿ ಬಹುಪಾಲು ಅಲ್ಲೇ ಉಳಿಯುತ್ತದೆ, ನಿಮ್ಮ ಬಿಲ್ಲೂ ಅಷ್ಟೇ ಇಳಿಯುತ್ತದೆ. ಅಲ್ಲಿಗೆ ಹೋಗುವಾಗ ಹಗಲಲ್ಲೇ, ರಿಂಗ್ ರೋಡ್ ಬಿಟ್ಟು ಒಳರಸ್ತೆಯಲ್ಲಿ, ನಿಧಾನಕ್ಕೆ ಹೋಗಿ. ನಿಲ್ಲಿಸುವ ಮೊದಲು ಕಿಟಕಿಯಿಂದ ಕೈ ಹೊರಗೆ ಚಾಚಿ ಹಿಂದಿನವರಿಗೆ ತೋರಿಸಿ.